ಹೆದರಿಕೆಯನ್ನು ಕೂಡಿ ನೋಡೋಣ



ನಮ್ಮ ಡೊಂಬಿವಲಿಯನ್ನೇ ಕಥೆಯ ನೆಲ ಮಾಡಿಕೊಂಡ ಒಂದು ಭಯಾನಕ ಚಿತ್ರ ಮರಾಠಿಯಲ್ಲಿ ಬಂದಿದೆ. ಹೆಸರು ‘ಝೋಂಬಿವಲಿ’. ನಿರ್ದೇಶಿಸಿದವರು ಆದಿತ್ಯ ಸರ್ಪೋತದಾರ್. 2022ರ ಜನವರಿ 26ರಂದು ಅದು ತೆರೆಗೆ ಬಂತು. ಕೊರೋನಾದ ಕಾರಣಕ್ಕೆ ಮಹಾರಾಷ್ಟ್ರದ ಚಿತ್ರಮಂದಿರಗಳಲ್ಲಿ ಇನ್ನೂ ಅರ್ಧ ಆಸನ ಖಾಲಿ ಬಿಡಬೇಕಾಗಿದ್ದ ದಿನಗಳವು. ಆದರೂ ಜನ ಹೋದರು. ಅಮೆರಿಕದ, ಕೊರಿಯದ ಚಿತ್ರಗಳಲ್ಲಷ್ಟೇ ಕಂಡಿದ್ದ ಆ ಅರೆಸತ್ತ ಜೀವಿಗಳ ಗುಂಪು ತಮ್ಮದೇ ಊರಿನ ಕಟ್ಟಡಗಳ ಮೆಟ್ಟಿಲು ಹತ್ತಿ ಬರುವುದನ್ನು ಡೊಂಬಿವಲಿಯವರು ಕಣ್ಣಾರೆ ನೋಡಿದರು.

ಆ ಚಿತ್ರದಲ್ಲಿ ಒಂದು ಕಡೆ ಹೊಸದಾಗಿ ಎದ್ದ ಎತ್ತರದ ವಸತಿ ಸಂಕೀರ್ಣ, ಅದರ ಗೋಡೆಯಾಚೆಗೆ ಒಂದು ಝೋಪಡಪಟ್ಟಿ. ಎತ್ತರದ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ನೀರು. ಗೋಡೆಯಾಚೆ ಕೊಡ ಹಿಡಿದು ನಿಂತವರ ಸಾಲು. ಬಾಟಲಿ ನೀರಿನ ಕಾರ್ಖಾನೆಯೂ ಕಥೆಯೊಳಗಿದೆ. ಕೇಡು ಹುಟ್ಟುವುದು ಸ್ಮಶಾನದಲ್ಲಲ್ಲ, ನೀರಿನಲ್ಲಿ. ಕಲ್ಯಾಣ–ಡೊಂಬಿವಲಿಯಲ್ಲಿ ಬಾಳಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಟ್ಯಾಂಕರು ಯಾವ ಗಲ್ಲಿಗೆ ಬಂತು, ಯಾವ ಗಲ್ಲಿಗೆ ಬರಲಿಲ್ಲ ಎಂಬುದು ಇಲ್ಲಿ ಪ್ರತಿ ಬೇಸಿಗೆಯ ಮಾತು.

ಇವತ್ತು ನಾನು ನಿಮ್ಮ ಮುಂದೆ ಇಡಲು ಬಂದಿರುವ ವಿಚಾರ ಇದು: ಭಯಾನಕ ಚಿತ್ರಗಳನ್ನು ನಮ್ಮ ಊರಿನ ಚಿತ್ರಮಂದಿರದಲ್ಲಿ, ನಮ್ಮವರ ಜೊತೆ ಕೂಡಿ ನೋಡಬೇಕು. ಅದಕ್ಕಾಗಿ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರು ಒಂದು ಚಿತ್ರೋತ್ಸವವನ್ನೇ ನಡೆಸಬೇಕು. ಯಾಕೆ ಎನ್ನುವುದನ್ನು ಮೊದಲು ಹೇಳುತ್ತೇನೆ. ಹೇಗೆ ಎನ್ನುವುದನ್ನು ಆಮೇಲೆ.

ಈ ಪ್ರದೇಶದ ಜನರಿಗೆ ಭಯ ಹೊಸದಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ 26ರಂದು ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಿಸಿತು. ಎಂಟು ವರ್ಷ ಕಳೆದು, 2024ರ ಮೇ 23ರಂದು, ಅದೇ ವಸಾಹತಿನಲ್ಲಿ ಇನ್ನೊಂದು ಸ್ಫೋಟವಾಯಿತು. ಎರಡೂ ಸಲ ಕೆಲಸಗಾರರು ಸತ್ತರು, ಸುತ್ತಲಿನ ಮನೆಗಳ ಗಾಜುಗಳು ಪುಡಿಯಾದವು. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎರಡು ಲೋಕಲ್ ರೈಲುಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ನೇತಾಡಿಕೊಂಡಿದ್ದವರು ಹಳಿಗೆ ಬಿದ್ದರು. ಕೆಲವರು ಮನೆಗೆ ಮರಳಲಿಲ್ಲ. ಆ ಹಾದಿಯಲ್ಲಿ ದಿನವೂ ಮಗನನ್ನೋ ಮಗಳನ್ನೋ ಕಳಿಸುವ ತಾಯಂದಿರು ನಮ್ಮ ಕನ್ನಡದ ಮನೆಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರು ಈ ಭಯವನ್ನು ಬಾಯಿಬಿಟ್ಟು ಆಡುವುದಿಲ್ಲ. ಡಬ್ಬಿ ಕಟ್ಟಿಕೊಡುತ್ತಾರೆ, “ತಲುಪಿದ ಕೂಡಲೇ ಫೋನ್ ಮಾಡು ಮಗಾ” ಎನ್ನುತ್ತಾರೆ, ಅಷ್ಟೇ.

ಇಂಥ ಬಾಯಿಲ್ಲದ ಭಯಕ್ಕೆ ಒಂದು ರೂಪ, ಒಂದು ದನಿ, ಒಂದು ಕೊನೆ ಸಿಗುವ ಜಾಗ ಚಿತ್ರಮಂದಿರ. ಅಲ್ಲಿ ಕಿರುಚಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪಕ್ಕದವರ ತೋಳು ಹಿಡಿದುಕೊಂಡರೆ ನಾಚಿಕೆಯಿಲ್ಲ. ಎರಡೂವರೆ ಗಂಟೆಯ ನಂತರ ದೀಪ ಹತ್ತುತ್ತದೆ.

ಕರಾವಳಿಯಿಂದ ಬಂದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ಬರುವ ಹೊತ್ತನ್ನು ನೆನೆಸಿಕೊಳ್ಳಿ. ನಡುರಾತ್ರಿ ದಾಟಿದೆ, ಮಕ್ಕಳು ಚಾಪೆಯ ಮೇಲೆ ನಿದ್ದೆಗೆ ಜಾರಿದ್ದಾರೆ. ಚೆಂಡೆ ಏರುತ್ತದೆ. ದೊಂದಿಯ ಬೆಂಕಿಗೆ ರಾಳದ ಪುಡಿ ಬಿದ್ದು ಭುಗಿಲೆದ್ದಾಗ ಮುಖದ ತುಂಬ ಚಿಟ್ಟಿಯಿಟ್ಟ ರಕ್ಕಸ ಅಬ್ಬರಿಸುತ್ತಾನೆ. ಎಚ್ಚೆತ್ತ ಮಗು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸುತ್ತದೆ. ಮರುಗಳಿಗೆ ಸೆರಗಿನ ಸಂದಿಯಿಂದ ಇಣುಕುತ್ತದೆ. ಹೆದರಿಕೆಯನ್ನು ಊರಿನ ನಡುವೆ, ಎಲ್ಲರ ಎದುರಿಗೆ ಕುಣಿಸಿ, ಬೆಳಗಾಗುವಾಗ ಮಂಗಳ ಹಾಡಿ ಮುಗಿಸುವ ವಿದ್ಯೆ ಅದು. ಆ ಮಗು ಹೆದರಿಕೆಯನ್ನೂ ಕಲಿಯುತ್ತಿತ್ತು, ಅದನ್ನು ದಾಟುವುದನ್ನೂ ಕಲಿಯುತ್ತಿತ್ತು. ಇವತ್ತಿನ ಮಗು ಮೊಬೈಲಿನಲ್ಲಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಹೊದಿಕೆಯೊಳಗೆ ಒಂಟಿಯಾಗಿ ದೆವ್ವದ ಚಿತ್ರ ನೋಡುತ್ತದೆ. ಅದಕ್ಕೆ ಇಣುಕಲು ಸೆರಗಿಲ್ಲ, ಆ ಹೆದರಿಕೆಯನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ.

ಚಿತ್ರಮಂದಿರ ಯಾಕೆ ಬೇಕು ಎನ್ನುವುದಕ್ಕೆ ಕಲೆಯ ಕಾರಣವೂ ಇದೆ. ಭಯಾನಕ ಚಿತ್ರದ ಅರ್ಧ ಜೀವ ಶಬ್ದದಲ್ಲಿರುತ್ತದೆ. 1942ರಲ್ಲಿ ವಾಲ್ ಲ್ಯೂಟನ್ ನಿರ್ಮಿಸಿ, ಜಾಕ್ ಟೂರ್ನರ್ ನಿರ್ದೇಶಿಸಿದ ‘ಕ್ಯಾಟ್ ಪೀಪಲ್’ ಎಂಬ ಅಮೆರಿಕದ ಚಿತ್ರದಲ್ಲಿ ಒಂದು ದೃಶ್ಯವಿದೆ. ರಾತ್ರಿ ಹೊತ್ತು ಒಬ್ಬಳು ಹೆಂಗಸು ನಿರ್ಜನ ರಸ್ತೆಯಲ್ಲಿ ನಡೆಯುತ್ತಾಳೆ. ಹಿಂದೆ ಇನ್ನೊಂದು ಹೆಜ್ಜೆಯ ಸದ್ದು. ಆ ಸದ್ದು ನಿಲ್ಲುತ್ತದೆ. ನಿಶ್ಶಬ್ದ. ಆಕೆ ಓಡತೊಡಗುತ್ತಾಳೆ. ತಟ್ಟನೆ ಬುಸ್ಸೆಂಬ ಸದ್ದಿನೊಂದಿಗೆ ಏನೋ ಚಿತ್ರದ ಚೌಕಟ್ಟಿನೊಳಕ್ಕೆ ನುಗ್ಗುತ್ತದೆ. ಅದು ಬರೀ ಒಂದು ಬಸ್ಸು! ದೆವ್ವವೂ ಇಲ್ಲ, ಹುಲಿಯೂ ಇಲ್ಲ. ಆದರೆ ಇಡೀ ಸಭಾಂಗಣ ಬೆಚ್ಚಿಬೀಳುತ್ತದೆ, ಮರುಕ್ಷಣ ನಗುತ್ತದೆ. ಅಂದಿನಿಂದ ಇಂದಿನವರೆಗೆ ಪ್ರಪಂಚದ ಭಯಾನಕ ಚಿತ್ರಗಳೆಲ್ಲ ಈ ಒಂದು ದೃಶ್ಯಕ್ಕೆ ಸಾಲಗಾರರು. ಮಿದುಳಿನಲ್ಲಿ ಅಮಿಗ್ಡಲಾ ಎಂಬ ಒಂದು ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಅದು ಎದೆಬಡಿತವನ್ನು ಏರಿಸುತ್ತದೆ, ಮೈಯನ್ನು ಓಟಕ್ಕೆ ಅಣಿ ಮಾಡುತ್ತದೆ. ಬುದ್ಧಿ ಆಮೇಲೆ ಬಂದು ಸಮಾಧಾನ ಹೇಳುತ್ತದೆ. ಆ ಎರಡರ ನಡುವಿನ ಕ್ಷಣದಲ್ಲಿ ಇನ್ನೂರು ಮಂದಿ ಒಟ್ಟಿಗೆ ಉಸಿರು ಬಿಗಿಹಿಡಿದರೆ ಆಗುವ ಅನುಭವ ಮನೆಯ ಸೋಫಾದಲ್ಲಿ ಸಿಗುವಂಥದ್ದಲ್ಲ.

ಭಾರತದಲ್ಲಿ ಈ ಕಲೆ ಅರಳಿದ್ದೇ ನಮ್ಮ ಮುಂಬಯಿಯಲ್ಲಿ. ಮಲಾಡಿನ ಬಾಂಬೆ ಟಾಕೀಸ್ ಸಂಸ್ಥೆ 1949ರಲ್ಲಿ ‘ಮಹಲ್’ ಚಿತ್ರವನ್ನು ಹೊರತಂದಿತು. ಕಮಾಲ್ ಅಮ್ರೋಹಿಯವರ ನಿರ್ದೇಶನ, ಅಶೋಕ್ ಕುಮಾರ್ ಮತ್ತು ಮಧುಬಾಲಾ ಅವರ ಅಭಿನಯ. ಅದರ ಪ್ರಸಿದ್ಧ ಹಾಡಿನಲ್ಲಿ ದನಿ ಎಲ್ಲೋ ದೂರದಿಂದ ಹೊರಟು ಮೆಲ್ಲನೆ ಹತ್ತಿರ ಬರುವಂತೆ ಕೇಳಬೇಕಿತ್ತು. ಇವತ್ತಿನ ಯಂತ್ರಗಳು ಆಗ ಇರಲಿಲ್ಲ. ಲತಾ ಮಂಗೇಶ್ಕರ್ ಕೋಣೆಯ ಮೂಲೆಯಲ್ಲಿ ನಿಂತು ಹಾಡಲು ಶುರುಮಾಡಿ, ಹಾಡುತ್ತಲೇ ಮೈಕಿನ ಕಡೆ ಹೆಜ್ಜೆಯಿಟ್ಟು ಬಂದರು. ಆ ನಡಿಗೆಯನ್ನು ನೀವು ಇವತ್ತಿಗೂ ಆ ಹಾಡಿನಲ್ಲಿ ಕೇಳಬಹುದು. ಇಡೀ ದೇಶ ಲತಾ ಅವರ ಕಂಠಕ್ಕೆ ಕಿವಿಗೊಟ್ಟದ್ದು ಒಂದು ಭೂತಬಂಗಲೆಯ ಕಥೆಯಿಂದ ಎಂಬುದನ್ನು ಮರೆಯಬಾರದು.

ಆಮೇಲೆ ರಾಮ್ಸೆ ಸಹೋದರರು ಬಂದರು. ಕರಾಚಿಯ ಕಡೆಯಿಂದ ದೇಶವಿಭಜನೆಯ ಹೊತ್ತಿನಲ್ಲಿ ಮುಂಬಯಿಗೆ ಬಂದ ಕುಟುಂಬ ಅದು. ಏಳು ಮಂದಿ ಅಣ್ಣತಮ್ಮಂದಿರು. ನಿರ್ದೇಶನ, ಛಾಯಾಗ್ರಹಣ, ಶಬ್ದ, ಸಂಕಲನ ಎಲ್ಲವನ್ನೂ ತಮ್ಮೊಳಗೇ ಹಂಚಿಕೊಂಡರು. ಮಹಾಬಲೇಶ್ವರದಲ್ಲಿ ಮನೆಮಂದಿಯೆಲ್ಲ ಬಿಡಾರ ಹೂಡಿ ‘ದೋ ಗಜ್ ಜಮೀನ್ ಕೆ ನೀಚೆ’ ಚಿತ್ರೀಕರಿಸಿದರು. ಅದು 1972ರಲ್ಲಿ ಬಂತು. 1984ರ ‘ಪುರಾನಾ ಮಂದಿರ್’ ಸಣ್ಣ ಊರುಗಳ ಒಂಟಿ ಪರದೆಯ ಟಾಕೀಸುಗಳನ್ನು ತುಂಬಿಸಿತು. ವಿಮರ್ಶಕರು ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ದೊಡ್ಡ ಬಂಡವಾಳವಿಲ್ಲದೆ, ದೊಡ್ಡ ತಾರೆಗಳಿಲ್ಲದೆ, ಕೈಯಲ್ಲಿದ್ದ ಸಾಮಾನಿನಿಂದಲೇ ಜನರನ್ನು ಕೂರಿಸಿ ನೋಡಿಸಿದ ಅವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ.

ಅವರಿಗೂ ಮೊದಲೇ ದಕ್ಷಿಣದಲ್ಲಿ ನಮ್ಮವರೇ ಒಬ್ಬರು ಈ ದಾರಿ ಹಿಡಿದಿದ್ದರು. ಉಡುಪಿ ಬಳಿಯ ಉದ್ಯಾವರದ ಬಿ. ವಿಠಲಾಚಾರ್ಯ. ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಅರಸೀಕೆರೆ ಸೇರಿ, ಹೋಟೆಲ್ ನಡೆಸಿ, ಆಮೇಲೆ ಟೂರಿಂಗ್ ಟಾಕೀಸಿಗೆ ಕೈಹಾಕಿ, ಕನ್ನಡ ಚಿತ್ರರಂಗದ ಮೂಲಕ ತೆಲುಗಿಗೆ ಹೋದವರು. ಮಾಯಾಮಂತ್ರ, ಅಸ್ಥಿಪಂಜರ, ಮೋಹಿನಿಯರು ತುಂಬಿದ ಅವರ ಚಿತ್ರಗಳನ್ನು ಆಂಧ್ರದ ಜನ ಹೊತ್ತು ಮೆರೆಸಿದರು. 1978ರ ‘ಜಗನ್ಮೋಹಿನಿ’ಯನ್ನು ಹಳಬರು ಈಗಲೂ ನೆನೆಯುತ್ತಾರೆ. ಊರು ಬಿಟ್ಟು ಬಂದು ಹೋಟೆಲಿನಿಂದ ಬದುಕು ಕಟ್ಟಿದ ಮುಂಬಯಿ ಕನ್ನಡಿಗರು ವಿಠಲಾಚಾರ್ಯರನ್ನು ತಮ್ಮ ಮನೆಯವರೆಂದೇ ಹೇಳಿಕೊಳ್ಳಬೇಕು.

ಇನ್ನು ಈ ಕಥೆಗಳ ಒಳಗಿನ ಸತ್ಯಕ್ಕೆ ಬರುತ್ತೇನೆ. ನಮ್ಮ ದೇಶದ ದೆವ್ವ ಸುಮ್ಮಸುಮ್ಮನೆ ಬರುವುದಿಲ್ಲ. ಅದಕ್ಕೆ ಯಾರೋ ಅನ್ಯಾಯ ಮಾಡಿರುತ್ತಾರೆ. ಬದುಕಿದ್ದಾಗ ಕೇಳದಿದ್ದ ನ್ಯಾಯವನ್ನು ಸತ್ತ ಮೇಲೆ ಕೇಳಲು ಬರುತ್ತದೆ. 2004ರ ‘ಆಪ್ತಮಿತ್ರ’ದ ನಾಗವಲ್ಲಿ ಯಾರು? ದೊರೆಯ ಅಹಂಕಾರಕ್ಕೆ ಬಲಿಯಾದ ನರ್ತಕಿ. ಆ ಕಥೆಯ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಕನ್ನಡದಲ್ಲಿ ಸೌಂದರ್ಯ ಆ ಪಾತ್ರಕ್ಕೆ ಕೊಟ್ಟ ಜೀವವನ್ನು ನೋಡಲು ಅವರೇ ಉಳಿಯಲಿಲ್ಲ. ಚಿತ್ರ ಬಿಡುಗಡೆಯಾಗುವ ಕೆಲವು ತಿಂಗಳ ಮೊದಲು, ಏಪ್ರಿಲ್ 17ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡರು. 2016ರಲ್ಲಿ ಪವನ್ ಕುಮಾರ್ ನಿರ್ದೇಶಿಸಿದ ‘ಯೂ ಟರ್ನ್’ನಲ್ಲಿ ಸೇಡು ತೀರಿಸಿಕೊಳ್ಳಲು ಬರುವ ಜೀವಕ್ಕೆ ಆದ ಅನ್ಯಾಯ ಏನು? ಬೆಂಗಳೂರಿನ ಮೇಲ್ಸೇತುವೆಯಲ್ಲಿ ಯಾರೋ ಐದು ನಿಮಿಷ ಉಳಿಸಲು ಕಲ್ಲು ಸರಿಸಿ ಗಾಡಿ ತಿರುಗಿಸಿದರು, ಆ ಕಲ್ಲು ದಾರಿಯಲ್ಲೇ ಉಳಿಯಿತು. 2017ರ ಮರಾಠಿ ಚಿತ್ರ ‘ಲಪಾಛಪಿ’ಯನ್ನು ವಿಶಾಲ್ ಫುರಿಯಾ ನಿರ್ದೇಶಿಸಿದರು. ಆಳೆತ್ತರದ ಕಬ್ಬಿನ ಗದ್ದೆಯ ನಡುವೆ ಒಂದು ಒಂಟಿ ಮನೆ, ಅಲ್ಲೊಬ್ಬಳು ಬಸುರಿ ಹೆಂಗಸು. ಗದ್ದೆಯಲ್ಲಿ ಆಡುವ ಮಕ್ಕಳ ದನಿ ಕೇಳುತ್ತದೆ. ಹೆಣ್ಣೆಂಬ ಕಾರಣಕ್ಕೆ ಹುಟ್ಟಲು ಬಿಡದ, ಹುಟ್ಟಿದರೂ ಬಾಳಲು ಬಿಡದ ಊರಿನ ಕಥೆ ಅದು. ಬೆಳಗಾವಿ, ಕೊಲ್ಲಾಪುರದ ಕಬ್ಬಿನ ಸೀಮೆಯಿಂದ ಬಂದ ಕನ್ನಡಿಗರು ಆ ಚಿತ್ರ ನೋಡಿ ಸುಮ್ಮನೆ ಎದ್ದು ಬರಲಾರರು.

ತುಳುನಾಡಿನ ಪಾಡ್ದನಗಳಲ್ಲೂ ಇದೇ ದನಿ ಇದೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಬೀರ ಕಲ್ಕುಡನ ಕೈಕಾಲು ಕತ್ತರಿಸಿದ ಅರಸನ ಕಥೆ ನಮಗೆಲ್ಲ ಗೊತ್ತು. ಅಂಥ ಇನ್ನೊಂದು ಮೂರ್ತಿ ಬೇರೆಲ್ಲೂ ಏಳಬಾರದು ಎಂಬ ಅರಸನ ಹಮ್ಮಿಗೆ ಶಿಲ್ಪಿ ತೆತ್ತ ಬೆಲೆ ಅದು. ತಂಗಿ ಕಲ್ಲುರ್ಟಿಯೊಡನೆ ಆತ ದೈವವಾಗಿ ನಿಂತು ಅರಮನೆಗೆ ಬೆಂಕಿಯಿಕ್ಕಿದ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ದೈವ ನಮಗೆ ಆರಾಧ್ಯ, ಸಿನಿಮಾದ ದೆವ್ವದ ಸಾಲಿನಲ್ಲಿ ಅದನ್ನು ನಿಲ್ಲಿಸಬಾರದು. ನಾನು ಹೇಳುವುದು ಇಷ್ಟೇ: ಆಳುವವರು ತಪ್ಪು ಮಾಡಿದಾಗ ಎದುರು ನಿಂತು ಕೇಳುವ ಶಕ್ತಿಯೊಂದು ಇರಬೇಕು ಎಂಬ ಹಂಬಲ ನಮ್ಮ ಜನರಲ್ಲಿ ಬಹಳ ಹಳೆಯದು. ಒಳ್ಳೆಯ ಭಯಾನಕ ಚಿತ್ರ ಆ ಹಂಬಲವನ್ನೇ ಮುಟ್ಟುತ್ತದೆ.

2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ ಇದನ್ನು ಎಷ್ಟು ಚೆನ್ನಾಗಿ ಮಾಡಿತು! ಜೆ.ಪಿ. ತೂಮಿನಾಡು ಬರೆದು ನಿರ್ದೇಶಿಸಿ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರಾಗಿ ಬೆನ್ನಿಗೆ ನಿಂತ ಚಿತ್ರ. ಕರಾವಳಿಯ ಹಳ್ಳಿ, ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತ ಹುಡುಗನೊಬ್ಬನ ಮೈಮೇಲೆ ಬಂದಿದೆ ಎಂಬ ಗುಲ್ಲು, ಊರಿಗೆ ಊರೇ ಎದ್ದು ಕುಣಿಯುವ ಗಲಾಟೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಆದರೆ ದೆವ್ವದ ಹೆಸರಲ್ಲಿ ಶುರುವಾದ ಆ ಗದ್ದಲ ಕೊನೆಗೆ ಬದುಕಿರುವ ಒಬ್ಬ ಹೆಣ್ಣಿನ ಕಷ್ಟದ ಮುಂದೆ ಬಂದು ನಿಲ್ಲುತ್ತದೆ. ಸತ್ತವಳಿಗೆ ಹೆದರಿದ ಊರು ಬದುಕಿದ್ದವಳ ಕಡೆ ತಿರುಗಿ ನೋಡುತ್ತದೆ. ಈ ಚಿತ್ರವನ್ನು ಕರಾವಳಿಯ ಜನರಿಂದ ತುಂಬಿದ ಸಭಾಂಗಣದಲ್ಲಿ ನೋಡಿದವರಿಗೆ ಗೊತ್ತು: ಒಂದೊಂದು ಮಾತಿಗೂ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ನಗೆ ಹರಿದು ಬರುತ್ತದೆ, ಊರಿನ ಯಾರದೋ ಹೆಸರು ಹಿಡಿದು “ಇದು ಅವನೇ” ಎಂಬ ಪಿಸುಮಾತು ಏಳುತ್ತದೆ.

ಕನ್ನಡ ಮತ್ತು ಮರಾಠಿಗಳ ನಡುವೆ, ಕನ್ನಡ ಮತ್ತು ಹಿಂದಿಯ ನಡುವೆ ಈ ಭಯದ ಕಥೆಗಳು ಎಷ್ಟು ಸಲೀಸಾಗಿ ಓಡಾಡಿವೆ ನೋಡಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುವ ಮೋಹಿನಿ ಆ ಬರಹ ಓದಿ ಹಿಂದಿರುಗುತ್ತಾಳೆ, ಮರುದಿನ ಬಂದರೂ ಅದೇ ಬರಹ. ಆ ನಂಬಿಕೆಯ ಎಳೆ 2018ರ ಹಿಂದಿ ಚಿತ್ರ ‘ಸ್ತ್ರೀ’ಗೆ ಬೀಜವಾಯಿತು, ಅದರ ಮುಂದುವರಿಕೆ ‘ಸ್ತ್ರೀ 2’ 2024ರ ಆಗಸ್ಟ್ 15ಕ್ಕೆ ಬಂದು ದೇಶದ ಚಿತ್ರಮಂದಿರಗಳನ್ನು ತುಂಬಿತು. ಅದೇ ವರ್ಷ ಜೂನ್ 7ಕ್ಕೆ ‘ಝೋಂಬಿವಲಿ’ಯ ನಿರ್ದೇಶಕರೇ ‘ಮುಂಜ್ಯಾ’ ತಂದರು. ಮುಂಜಿಯಾದ ಮೇಲೆ ಅಕಾಲದಲ್ಲಿ ಸತ್ತ ಹುಡುಗ ಅಶ್ವತ್ಥ ಮರದಲ್ಲಿ ನೆಲೆಸುತ್ತಾನೆ ಎಂಬ ಕೊಂಕಣದ ನಂಬಿಕೆಯ ಕಥೆ ಅದು. ಕೊಂಕಣದ ಕೆಳಗಿನ ತುದಿಗೆ ಅಂಟಿಕೊಂಡೇ ನಮ್ಮ ಉತ್ತರ ಕನ್ನಡ ಇದೆ. ಅದೇ 2024ರ ಸೆಪ್ಟೆಂಬರ್ 13ಕ್ಕೆ ‘ತುಂಬಾಡ್’ ಮತ್ತೆ ತೆರೆಗೆ ಬಂತು. ರಾಹಿ ಅನಿಲ್ ಬರ್ವೆ ನಿರ್ದೇಶಿಸಿದ ಈ ಚಿತ್ರದ ಹಿಂದೆ ಮರಾಠಿಯ ಭಯಕಥೆಗಳ ದೊಡ್ಡ ಲೇಖಕ ನಾರಾಯಣ ಧಾರಪರ ಕಥೆಯ ನೆರಳಿದೆ. ಹಸ್ತರನ ಕಥೆ, ನಿಲ್ಲದೆ ಸುರಿಯುವ ಮಳೆ, ಚಿನ್ನದ ನಾಣ್ಯಕ್ಕಾಗಿ ಅಪ್ಪ ಮಗನನ್ನೂ ಬಾವಿಗೆ ಇಳಿಸುವ ದುರಾಸೆ. 2018ರಲ್ಲಿ ಮೊದಲು ಬಂದಾಗ ಹೆಚ್ಚು ಜನ ನೋಡಲಿಲ್ಲ. ಆರು ವರ್ಷ ಬಿಟ್ಟು ಮತ್ತೆ ಬಂದಾಗ ಮೊದಲಿಗಿಂತ ಹೆಚ್ಚು ಗಳಿಸಿತು. ಅಷ್ಟು ಹೊತ್ತಿಗೆ ಅದು ಮೊಬೈಲಿನಲ್ಲಿ, ಟೀವಿಯಲ್ಲಿ ಸಿಗುತ್ತಿತ್ತು. ಆದರೂ ಜನ ದುಡ್ಡು ಕೊಟ್ಟು ಥಿಯೇಟರಿಗೆ ಹೋದರು. ಕೂಡಿ ನೋಡುವ ಹಸಿವು ಇನ್ನೂ ಆರಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಒಂದು ಆಕ್ಷೇಪ ಏಳುತ್ತದೆ, ಅದು ಗಂಭೀರವಾದದ್ದು. ಇಂಥ ಚಿತ್ರಗಳು ಮೂಢನಂಬಿಕೆ ಬೆಳೆಸುವುದಿಲ್ಲವೇ? ಈ ಪ್ರಶ್ನೆಗೆ ಮಹಾರಾಷ್ಟ್ರದಲ್ಲಿ ಕೂತು ಹಗುರಾಗಿ ಉತ್ತರ ಹೇಳುವಂತಿಲ್ಲ. ಮೂಢನಂಬಿಕೆಯ ವಿರುದ್ಧ ಬಾಳಿಡೀ ದುಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಮಾಟಮಂತ್ರ ತಡೆಯುವ ಕಾನೂನು ಬಂತು. ಕರ್ನಾಟಕದಲ್ಲೂ 2017ರಲ್ಲಿ ಅಂಥ ಕಾಯ್ದೆಯಾಯಿತು. ಈಗ ಲೋಕಲ್ ರೈಲಿನ ಡಬ್ಬಿಯೊಳಗೆ ಕಣ್ಣು ಹಾಯಿಸಿ. ಗೋಡೆಯ ಮೇಲೆ ‘ಬಾಬಾ ಬಂಗಾಲಿ’ಯ ಚೀಟಿಗಳು. ಪ್ರೇಮ, ನೌಕರಿ, ಸಂತಾನ, ಶತ್ರುನಾಶ, ಎಲ್ಲಕ್ಕೂ ಪರಿಹಾರ. ಅದು ಭಯದ ವ್ಯಾಪಾರ, ನೊಂದವರ ಜೇಬಿಗೆ ಕೈಹಾಕುವ ಮೋಸ. ಆ ವ್ಯಾಪಾರಕ್ಕೆ ದೀಪ ಹತ್ತುವ ಹೊತ್ತು ಎಂಬುದೇ ಇಲ್ಲ. ಒಮ್ಮೆ ಸಿಕ್ಕಿಕೊಂಡವರನ್ನು ಮತ್ತೆ ಮತ್ತೆ ಕರೆಯುತ್ತಾರೆ. ಸಿನಿಮಾ ಹಾಗಲ್ಲ. ತಾನು ಕಥೆ ಎಂದು ಅದು ಟಿಕೆಟಿನ ಮೇಲೇ ಹೇಳಿಕೊಂಡಿರುತ್ತದೆ. ‘ಆಪ್ತಮಿತ್ರ’ ದೆವ್ವದ ಕಥೆಯನ್ನು ಹೇಳುತ್ತಲೇ ಅದು ಮನಸ್ಸಿನ ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿತು. ಚಿತ್ರ ಮುಗಿದ ಮೇಲೆ ಕೂತು ಮಾತಾಡುವ ಏರ್ಪಾಡು ಇದ್ದರೆ ಭಯಾನಕ ಚಿತ್ರವೇ ಮೂಢನಂಬಿಕೆಗೆ ಮದ್ದಾಗಬಲ್ಲದು. ಒಬ್ಬ ಮನೋವೈದ್ಯರು, ಒಬ್ಬ ಜಾನಪದ ತಜ್ಞರು ವೇದಿಕೆಯಲ್ಲಿರಲಿ. ಜನ ಕೇಳಲಿ, ಅವರು ಹೇಳಲಿ. ಉತ್ಸವ ಬೇಕು ಎಂದು ನಾನು ಒತ್ತಿ ಹೇಳುವುದು ಈ ಮಾತುಕತೆಯ ಸಲುವಾಗಿಯೇ.

ಮಕ್ಕಳ ವಿಚಾರದಲ್ಲಿ ಹುಷಾರಾಗಿರಬೇಕು. 2023ರ ತಿದ್ದುಪಡಿಯ ನಂತರ ಸಿನಿಮಾ ಪ್ರಮಾಣಪತ್ರದಲ್ಲಿ ಯು/ಎ ವರ್ಗವನ್ನು 7, 13 ಮತ್ತು 16 ವರ್ಷ ಎಂದು ಮೂರಾಗಿ ಒಡೆದಿದ್ದಾರೆ. ತಂದೆತಾಯಿ ಆ ಗುರುತು ನೋಡಿಯೇ ಮಕ್ಕಳನ್ನು ಕರೆತರಬೇಕು. ದೊಡ್ಡವರಿಗೆ ಮೀಸಲಾದ ಚಿತ್ರಕ್ಕೆ ಮಕ್ಕಳನ್ನು ಒಳಗೆ ಬಿಡಬಾರದು.

ಈಗ ಹೇಗೆ ಎಂಬ ಪ್ರಶ್ನೆ. ಜಗತ್ತಿನಲ್ಲೇ ಬಹಳ ಹೆಸರುಳ್ಳ ಭಯ–ಅದ್ಭುತ ಚಿತ್ರಗಳ ಉತ್ಸವ ಸ್ಪೇನ್ ದೇಶದ ಸಿಟ್ಜಸ್‌ನಲ್ಲಿ 1968ರಿಂದ ನಡೆಯುತ್ತಿದೆ. ಸಿಟ್ಜಸ್ ಮಹಾನಗರವಲ್ಲ. ಬಾರ್ಸಿಲೋನಾದಿಂದ ಸುಮಾರು 35 ಕಿಲೋಮೀಟರ್ ದೂರದ ಒಂದು ಕಡಲತೀರದ ಪಟ್ಟಣ. ಜನ ಲೋಕಲ್ ರೈಲು ಹತ್ತಿ ಬರುತ್ತಾರೆ. ಮುಂಬಯಿ ಸಿಎಸ್‌ಎಂಟಿಯಿಂದ ಥಾಣೆಗೂ ಹೆಚ್ಚುಕಡಿಮೆ ಅಷ್ಟೇ ದೂರ. ನಮ್ಮಲ್ಲೇ ನೋಡಿದರೆ, 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಹಳ್ಳಿಯ ಜನ ಜಪಾನಿನ, ಇಟಲಿಯ ಚಿತ್ರಗಳನ್ನು ನೋಡಿ ಚರ್ಚಿಸಿದರು. ಮುಂಬಯಿಯಲ್ಲಿ ಪ್ರಭಾತ್ ಚಿತ್ರ ಮಂಡಲ 1968ರಿಂದ ಚಿತ್ರಪ್ರೇಮಿಗಳನ್ನು ಒಟ್ಟುಗೂಡಿಸುತ್ತ ಬಂದಿದೆ. ಹೆಗ್ಗೋಡಿನಲ್ಲಿ ಆದದ್ದು ಥಾಣೆಯಲ್ಲಿ ಆಗಲಾರದೇ?

ನಮಗೆ ಸಂಘಟನೆಯ ಕೊರತೆ ಇಲ್ಲ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯದಂಥ ಶಾಲೆಯನ್ನೇ ನಡೆಸಿಕೊಂಡು ಬಂದಿದೆ. ವಾಶಿಯಲ್ಲಿ ನವಿ ಮುಂಬಯಿ ಕನ್ನಡ ಸಂಘವಿದೆ. ಕಲ್ಯಾಣದಲ್ಲಿ, ಥಾಣೆಯಲ್ಲಿ ಕನ್ನಡ ಸಂಘಗಳಿವೆ. ನಾಟಕ, ಯಕ್ಷಗಾನ, ತಾಳಮದ್ದಲೆ, ರಾಜ್ಯೋತ್ಸವ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವ ಕೈಗಳು ಇಲ್ಲಿವೆ. ಇವರೆಲ್ಲ ಸೇರಿ ವರ್ಷಕ್ಕೊಮ್ಮೆ ಮೂರು ದಿನ ಒಂದು ಪರದೆಯನ್ನು ಬಾಡಿಗೆಗೆ ಹಿಡಿಯಬಹುದು. ಜಾಗ ಥಾಣೆಯೇ ಸರಿ. ಕಲ್ಯಾಣ, ಡೊಂಬಿವಲಿಯವರಿಗೆ ಮಧ್ಯ ರೈಲ್ವೆ ಇದೆ. ವಾಶಿ, ನೆರೂಲಿನವರಿಗೆ 2004ರಿಂದ ಟ್ರಾನ್ಸ್ ಹಾರ್ಬರ್ ಲೋಕಲ್ ಇದೆ. ಕೊನೆಯ ಪ್ರದರ್ಶನ ರಾತ್ರಿ ಒಂಬತ್ತರೊಳಗೆ ಮುಗಿಯಲಿ. ಭಯದ ಚಿತ್ರ ನೋಡಿದ ಹೆಣ್ಣುಮಕ್ಕಳು ಭಯವಿಲ್ಲದೆ ಮನೆ ಸೇರಬೇಕು.

ಯಾವ ಚಿತ್ರಗಳು? 1979ರ ‘ನಾ ನಿನ್ನ ಬಿಡಲಾರೆ’ಯಿಂದ ಶುರುಮಾಡೋಣ. ಅನಂತನಾಗ್ ಮತ್ತು ಲಕ್ಷ್ಮಿಯವರ ಆ ಚಿತ್ರ ಒಂದು ತಲೆಮಾರಿನ ಕನ್ನಡಿಗರ ನಿದ್ದೆ ಕೆಡಿಸಿತ್ತು. ಮುಂಬಯಿಯ ರಂಗಭೂಮಿಯಲ್ಲೇ ನಟನೆ ಕಲಿತ ಅನಂತನಾಗ್ ಅವರನ್ನು ಇಲ್ಲಿಯ ಪರದೆಯ ಮೇಲೆ ಮತ್ತೆ ನೋಡುವುದು ನಮಗೆ ಹೆಮ್ಮೆ. ಅದರ ಜೊತೆ ‘ಆಪ್ತಮಿತ್ರ’, ‘ಯೂ ಟರ್ನ್’, ‘ಸು ಫ್ರಮ್ ಸೋ’ ಇರಲಿ. ಮರಾಠಿಯಿಂದ ‘ಲಪಾಛಪಿ’, ‘ಝೋಂಬಿವಲಿ’ ಇರಲಿ. ಹಿಂದಿಯಿಂದ ‘ಮಹಲ್’ ಇರಲಿ. ಭಾರತದ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ ಮಾತ್ರ ಉಳಿಯುವುದರಿಂದ ‘ಮಹಲ್’ಗೆ ಹಕ್ಕಿನ ಹಣ ತೆರಬೇಕಾಗಿಲ್ಲ. ಉಳಿದ ಚಿತ್ರಗಳಿಗೆ ನಿರ್ಮಾಪಕರಿಂದ ಪ್ರದರ್ಶನದ ಅನುಮತಿ ಬರಹದಲ್ಲಿ ಪಡೆಯಬೇಕು. ಕಳ್ಳ ಪ್ರತಿ ತೋರಿಸುವ ಕೆಲಸ ಸಂಘಗಳಿಗೆ ಶೋಭೆಯಲ್ಲ. ಕನ್ನಡ ಚಿತ್ರಗಳ ಕೆಳಗೆ ಮರಾಠಿಯಲ್ಲಿ ಮಾತುಗಳನ್ನು ಬರೆಸೋಣ. ನೆರೆಮನೆಯ ಮರಾಠಿ ಕಾಕು, ಆಜೋಬಾ ಬಂದು ಕೂರಲಿ. ನಮ್ಮ ಕಥೆಗಳನ್ನು ಅವರು ನೋಡಲಿ, ಅವರ ಕಥೆಗಳನ್ನು ನಾವು ನೋಡೋಣ.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಓದಿಸುವುದು ಕಷ್ಟವಾಗುತ್ತಿದೆ ಎಂದು ಪ್ರತಿ ಸಂಘದ ಸಭೆಯಲ್ಲೂ ಹೇಳುತ್ತೇವೆ. ಆ ಮಕ್ಕಳು ಭಾಷಣ ಕೇಳಲು ಬರುವುದಿಲ್ಲ, ದೆವ್ವದ ಸಿನಿಮಾಕ್ಕೆ ಬಂದೇ ಬರುತ್ತಾರೆ. ಬಂದವರ ಕಿವಿಗೆ ಎರಡೂವರೆ ಗಂಟೆ ಕನ್ನಡ ಬೀಳುತ್ತದೆ, ಪಕ್ಕದಲ್ಲಿ ಅಜ್ಜಿ ಕೂತಿರುತ್ತಾರೆ, ಹೊರಗೆ ಬಂದ ಮೇಲೆ ಅವರಿಗೆ ಅಜ್ಜಿಯ ಹತ್ತಿರ ಕೇಳಲು ಪ್ರಶ್ನೆಗಳಿರುತ್ತವೆ. ಅಜ್ಜಿಯ ಬಳಿ ಹೇಳಲು ಕಥೆಗಳಿವೆ. ಭಾಷೆ ಉಳಿಯುವುದು ಇಂಥ ಮಾತುಕತೆಯಲ್ಲಿ.

ಆದ್ದರಿಂದ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಿ. ಮೊದಲ ವರ್ಷ ಮೂರು ದಿನ ಆಗದಿದ್ದರೆ ಒಂದು ಭಾನುವಾರ, ಎರಡು ಚಿತ್ರ, ಒಂದು ಚರ್ಚೆ ಸಾಕು. ಯುವಕ ಯುವತಿಯರ ಕೈಗೆ ಹೊಣೆ ಕೊಡಿ, ಹಿರಿಯರು ಬೆನ್ನಿಗಿರಿ. ಕೇಳುಗರೇ, ಟಿಕೆಟು ಕೊಳ್ಳುವ ಕೆಲಸ ನಿಮ್ಮದು. ಒಬ್ಬರೇ ಬರಬೇಡಿ, ಮನೆಮಂದಿಯನ್ನೂ ನೆರೆಯವರನ್ನೂ ಕರೆದುಕೊಂಡು ಬನ್ನಿ.